ಎತ್ತಿಗೆ ಜ್ವರ, ಇಸಿಎಂಗೆ ಬರೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಇಂಜಿನ್ ಕಂಟ್ರೋಲ್ ಮಾಡ್ಯೂಲ್ ಬಗ್ಗೆಯೇ ಇವೆ. ಕೆಲವರು ಅದನ್ನು ಇಸಿಎಂ ಅಂತಾರೆ, ಕೆಲವರು ಇಸಿಯು ಅಂತಾರೆ, ಇನ್ನು ಕೆಲವರಿಗೆ ಅದು ಬರೀ 'ಕಂಪ್ಯೂಟರ್'. ಎಲ್ಲವೂ ಒಂದೇ. ಸೆನ್ಸರ್‌ಗಳ ಮಾತು ಕೇಳಿ ಯಾವ ಸಿಲಿಂಡರ್‌ಗೆ ಎಷ್ಟು ಇಂಧನ, ಯಾವಾಗ ಕಿಡಿ ಅಂತ ತೀರ್ಮಾನ ಮಾಡುವ ಪೆಟ್ಟಿಗೆ. ಉಳಿದ ವಿಷಯಗಳ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇವೆ.

ಪ್ರಶ್ನೆ: ಸರ್, ನನ್ನ ಪೆಟ್ರೋಲ್ ಕಾರು ಒಂದೊಂದು ದಿನ ಸ್ಟಾರ್ಟೇ ಆಗುವುದಿಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಹೀಗಾದ ದಿನ ಕೀ ಆನ್ ಮಾಡಿದಾಗ ಚೆಕ್ ಇಂಜಿನ್ ಲೈಟ್ ಕೂಡ ಬರುವುದಿಲ್ಲ ಅನ್ನುವುದನ್ನು ಮೊನ್ನೆ ಗಮನಿಸಿದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದವರೇ ಇಸಿಎಂ ಹೋಗಿದೆ, ಹೊಸದು ಹಾಕಲೇಬೇಕು ಅಂದರು. ಹಾಕಿಸಲಾ?

ಉತ್ತರ: ಸದ್ಯಕ್ಕೆ ಬೇಡ. ನೀವು ಲೈಟ್ ಗಮನಿಸಿದ್ದು ತುಂಬಾ ಒಳ್ಳೆಯದಾಯಿತು, ಅರ್ಧ ಕೆಲಸ ಅಲ್ಲೇ ಮುಗಿಯಿತು. ಕೀ ಆನ್ ಮಾಡಿದಾಗ, ಇಂಜಿನ್ ತಿರುಗುವ ಮೊದಲು, ಚೆಕ್ ಇಂಜಿನ್ ಲೈಟ್ ಉರಿಯಲೇಬೇಕು. ಉರಿಯದಿದ್ದರೆ ಇಸಿಎಂ ಎಚ್ಚರವಾಗಿಲ್ಲ ಎಂದರ್ಥ (ಬಲ್ಬೇ ಹೋಗಿರಬಹುದು, ಆದರೆ ನಿಮ್ಮದು ಒಂದು ದಿನ ಬಂದು ಒಂದು ದಿನ ಬರುವುದಿಲ್ಲ, ಹಾಗಾಗಿ ಬಲ್ಬ್ ಅಲ್ಲ). ಎಚ್ಚರವಾಗದೇ ಇರುವುದಕ್ಕೂ ಸತ್ತಿರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಕರೆಂಟ್ ಬರದಿದ್ದರೆ ಹೊಸ ಇಸಿಎಂ ಹಾಕಿದರೂ ಅದು ಹೀಗೇ ಕೂತಿರುತ್ತದೆ.

ಇಸಿಎಂಗೆ ಬೇಕಾದ್ದು ಮೂರು. ಬ್ಯಾಟರಿಯಿಂದ ಸದಾ ಬರುವ ಒಂದು ಲೈನ್, ಕೀ ಆನ್ ಮಾಡಿದಾಗ ಬರುವ ಇನ್ನೊಂದು ಲೈನ್, ಮತ್ತೆ ಗಟ್ಟಿಯಾದ ಅರ್ತ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ). ಅರ್ತ್ ಸಾಮಾನ್ಯವಾಗಿ ಒಂದಲ್ಲ, ಎರಡು ಮೂರು ಪಿನ್‌ಗಳಲ್ಲಿ ಇರುತ್ತದೆ. ಇದರ ಜೊತೆಗೆ ಬಹಳಷ್ಟು ಗಾಡಿಗಳಲ್ಲಿ ಮೇನ್ ರಿಲೇ ಅಂತ ಒಂದು ಕರೆಂಟ್ ಸ್ವಿಚ್ ಇರುತ್ತದೆ, ಇಸಿಎಂ ತಾನೇ ಅದನ್ನು ಎಳೆದುಕೊಂಡು ತನಗೆ ಬೇಕಾದ ದೊಡ್ಡ ಕರೆಂಟ್ ತೆಗೆದುಕೊಳ್ಳುತ್ತದೆ. ಬಿಟ್ಟು ಬಿಟ್ಟು ಬರುವ ನಿಮ್ಮಂಥ ತೊಂದರೆಗೆ ನನ್ನ ಮೊದಲ ಅನುಮಾನ ಈ ರಿಲೇ ಮೇಲೆ, ಎರಡನೆಯದು ಅರ್ತ್ ಮೇಲೆ. ರಿಲೇ ಪರೀಕ್ಷೆ ಸುಲಭ. ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನ್‌ದೋ ಫ್ಯಾನ್‌ದೋ, ಸಾಮಾನ್ಯವಾಗಿ ಇರುತ್ತದೆ. ಅದಲು ಬದಲು ಮಾಡಿ ನೋಡಿ. ರಿಲೇ ಕಿತ್ತಾಗ ಅದು ಕೂರುವ ತೂತುಗಳನ್ನೂ ಟಾರ್ಚ್ ಬಿಟ್ಟು ನೋಡಿ, ಅಲ್ಲಿನ ಹಿಡಿತ ಸಡಿಲಾಗಿದ್ದರೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಇನ್ನು ಮೀಟರ್ ವಿಷಯ. ಸುಮಾರು ಜನ ಎಡವುವುದು ಇಲ್ಲೇ. ಮಲ್ಟಿಮೀಟರ್ ಇಟ್ಟು 12 ವೋಲ್ಟ್ ತೋರಿಸಿತು, ಸರಿ ಇದೆ ಅಂತ ಮುಂದೆ ಹೋಗುತ್ತಾರೆ. ವೈರಿನ ಒಳಗೆ ಎಲ್ಲ ಎಳೆಗಳು ಕಡಿದು ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟೇ ತೋರಿಸುತ್ತದೆ, ಯಾಕೆಂದರೆ ಮೀಟರ್ ಹೆಚ್ಚುಕಡಿಮೆ ಕರೆಂಟೇ ಎಳೆಯುವುದಿಲ್ಲ. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಇಡಿ, 5 ವ್ಯಾಟಿನ ಮಾಮೂಲಿ ಬಲ್ಬ್ ಸಾಕು. ಲೈನ್ ಗಟ್ಟಿಯಾಗಿದ್ದರೆ ಬೆಳ್ಳಗೆ ಉರಿಯುತ್ತದೆ, ಇಲ್ಲದಿದ್ದರೆ ಕೆಂಪಗೆ ಮಿಣಿಮಿಣಿ ಅನ್ನುತ್ತದೆ. ಬ್ಯಾಟರಿ ನೆಗೆಟಿವ್ ತೆಗೆದು, ಇಸಿಎಂ ಕಪ್ಲರ್ (ವೈರ್ ಗುಚ್ಛದ ತುದಿಯ ಪ್ಲಗ್) ಬಿಚ್ಚಿ, ನೆಗೆಟಿವ್ ಮತ್ತೆ ಹಾಕಿ, ಪವರ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಲ್ಯಾಂಪ್ ಇಟ್ಟರೆ ಎರಡನ್ನೂ ಒಟ್ಟಿಗೆ ನೋಡಿದ ಹಾಗಾಯಿತು. ಯಾವ ಪಿನ್ ಯಾವುದು ಅನ್ನುವುದಕ್ಕೆ ನಿಮ್ಮ ಮಾಡೆಲ್‌ನ ಸರ್ಕ್ಯೂಟ್ ಡಯಾಗ್ರಾಂ ಬೇಕೇ ಬೇಕು, ಅಂದಾಜಿನ ಮೇಲೆ ಕೈ ಹಾಕಬೇಡಿ. ಒಂದು ಮಾತು, ಕಪ್ಲರ್ ಬಿಚ್ಚಿದಾಗ ಮೇನ್ ರಿಲೇ ಲೈನಿನಲ್ಲಿ ಕರೆಂಟ್ ಬರದೇ ಇರಬಹುದು. ರಿಲೇ ಎಳೆಯಬೇಕಾದ ಇಸಿಎಂ ಅನ್ನೇ ನೀವು ಕಳಚಿದ್ದೀರಲ್ಲ. ಅದನ್ನು ನೋಡಿ ಗಾಬರಿಯಾಗಿ ವೈರಿಂಗ್ ಪೂರ್ತಿ ಬಿಚ್ಚಿದವರಿದ್ದಾರೆ. ಆ ಲೈನನ್ನು ಕಪ್ಲರ್ ಹಾಕಿಕೊಂಡೇ ಹಿಂದಿನಿಂದ ನೋಡಬೇಕು.

ಅರ್ತ್‌ಗೆ ಬೇರೆ ಪರೀಕ್ಷೆ. ಕಪ್ಲರ್ ಹಾಕಿರಲಿ. ಮೀಟರಿನ ಕೆಂಪು ಕಡ್ಡಿಯನ್ನು ಕಪ್ಲರ್ ಹಿಂಭಾಗದಿಂದ ಅರ್ತ್ ಪಿನ್ನಿಗೆ ತಾಗಿಸಿ, ಕಪ್ಪನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಇಡಿ (ಕ್ಲಾಂಪಿಗಲ್ಲ, ಕಂಬಕ್ಕೆ). ಕೀ ಆನ್ ಮಾಡಿ, ಸೆಲ್ಫ್ ಹೊಡೆಸಿ. 0.1 ವೋಲ್ಟ್ ಒಳಗೆ ಇದ್ದರೆ ಅರ್ತ್ ಸರಿಯಾಗಿದೆ. ಅರ್ಧ ವೋಲ್ಟ್ ತೋರಿಸಿತು ಅಂದರೆ ಗಾಡಿಯ ಬಾಡಿ ಮೇಲೆ ಅರ್ತ್ ಕಟ್ಟಿರುವ ಬೋಲ್ಟ್ ಹುಡುಕಿ. ಸಾಮಾನ್ಯವಾಗಿ ಅದರ ಕೆಳಗೆ ತುಕ್ಕೋ, ಯಾವಾಗಲೋ ಬಾಡಿ ಕೆಲಸ ಮಾಡಿದಾಗ ಬಿದ್ದ ಪೇಂಟೋ ಇರುತ್ತದೆ. ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಿ ಬಿಗಿ ಮಾಡಿ.

ಕಪ್ಲರ್‌ನ ಮುಂಭಾಗದ ಪಿನ್ ತೂತುಗಳಿಗೆ ಮೀಟರ್ ಕಡ್ಡಿ ತುರುಕಬೇಡಿ. ತೂತು ಅಗಲವಾಗಿ, ನಾಳೆ ಅದೇ ಒಂದು ಹೊಸ ಲೂಸ್ ಕನೆಕ್ಷನ್ ಆಗುತ್ತದೆ.

ಪ್ರಶ್ನೆ: ಸ್ಕ್ಯಾನರ್ ಹಾಕಿದರೆ ಎಬಿಎಸ್, ಏರ್‌ಬ್ಯಾಗ್ ಎಲ್ಲ ಓಪನ್ ಆಗುತ್ತವೆ, ಇಂಜಿನ್ ಮಾತ್ರ 'ನೋ ಕಮ್ಯುನಿಕೇಶನ್'. ಎಬಿಎಸ್‌ನಲ್ಲಿ ಯು0100 ಅಂತ ಫಾಲ್ಟ್ ಕೋಡ್ ಇದೆ. ಇನ್ನೇನು ಅನುಮಾನ, ಇಸಿಎಂ ಡೆಡ್ ಅಲ್ವಾ?

ಉತ್ತರ: ಯು0100 ಹೇಳುವುದು ಇಷ್ಟೇ: "ಇಸಿಎಂ ನನ್ನ ಜೊತೆ ಮಾತಾಡುತ್ತಿಲ್ಲ." ಯಾಕೆ ಅಂತ ಅದಕ್ಕೂ ಗೊತ್ತಿಲ್ಲ. ಎಬಿಎಸ್ ಕೊಟ್ಟ ದೂರನ್ನು ಇಸಿಎಂನ ಮರಣ ಪ್ರಮಾಣಪತ್ರ ಅಂದುಕೊಳ್ಳಬಾರದು.

ಮೊದಲು ಮೇಲಿನ ಉತ್ತರದಲ್ಲಿ ಹೇಳಿದ ಪವರ್, ಅರ್ತ್ ನೋಡಿ. ಅವು ಸರಿ ಇದ್ದರೆ 5 ವೋಲ್ಟ್ ಲೈನ್ ನೋಡಿ, ಇದನ್ನು ಬಹಳ ಜನ ಮರೆಯುತ್ತಾರೆ. ಇಸಿಎಂ ತನ್ನೊಳಗೆ 5 ವೋಲ್ಟ್ ತಯಾರಿಸಿ ಥ್ರಾಟಲ್ ಸೆನ್ಸರ್, ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು), ಆಕ್ಸಿಲರೇಟರ್ ಪೆಡಲ್ ಮುಂತಾದವಕ್ಕೆ ಹಂಚುತ್ತದೆ. ಅದರಲ್ಲಿ ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೂ ಆ ಲೈನ್ ಪೂರ್ತಿ ಕುಸಿಯುತ್ತದೆ. ಕೆಲವು ಗಾಡಿಗಳಲ್ಲಿ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ ಅಷ್ಟೇ, ಪಿ0641 ಅಥವಾ ಪಿ0651 ಕೋಡ್ ಬರುತ್ತದೆ. ಇನ್ನು ಕೆಲವದರಲ್ಲಿ ಇಸಿಎಂ ಬಾಯೇ ಬಿಡುವುದಿಲ್ಲ. ಥ್ರಾಟಲ್ ಸೆನ್ಸರ್ ಕಪ್ಲರ್‌ನಲ್ಲಿ ಮೀಟರ್ ಇಟ್ಟು ಕೀ ಆನ್ ಮಾಡಿ. 5 ವೋಲ್ಟ್ ಹತ್ತಿರ ಇದ್ದರೆ ಸರಿ. ಅರ್ಧ ವೋಲ್ಟೋ ಒಂದು ವೋಲ್ಟೋ ಇದ್ದರೆ ಮೀಟರನ್ನು ಅಲ್ಲೇ ಬಿಟ್ಟು, ಆ ಲೈನಿನಲ್ಲಿರುವ ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ 5 ವೋಲ್ಟ್ ಟಪ್ಪಂತ ಮೇಲೆ ಬರುತ್ತದೋ ಅದೇ ಕಳ್ಳ. ಎಲ್ಲ ಕಿತ್ತರೂ ಏಳಲಿಲ್ಲ ಅಂದರೆ ವೈರ್ ಎಲ್ಲೋ ಉಜ್ಜಿ ಗಾಡಿಯ ಬಾಡಿ ಲೋಹಕ್ಕೆ ತಾಗುತ್ತಿರಬಹುದು. ಆ ಪಿನ್ನನ್ನು ಇಸಿಎಂ ಕಪ್ಲರ್‌ನಿಂದಲೇ ಬೇರೆ ಮಾಡಿ ನೋಡಿದಾಗಲೂ ಇಸಿಎಂ 5 ವೋಲ್ಟ್ ಕೊಡದಿದ್ದರೆ, ಆಗ ಇಸಿಎಂ ಮೇಲೆ ಬೆರಳು ತೋರಿಸಬಹುದು.

ಅದೂ ಸರಿ ಇದ್ದರೆ ಕ್ಯಾನ್ ಲೈನ್, ಅಂದರೆ ಗಾಡಿಯ ಯೂನಿಟ್‌ಗಳು ಒಂದರ ಜೊತೆ ಒಂದು ಮಾತಾಡುವ ಎರಡು ವೈರುಗಳ ಜೋಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒಬಿಡಿ ಪೋರ್ಟಿನ (ಸ್ಕ್ಯಾನರ್ ಸಿಕ್ಕಿಸುವ ಜಾಗ) 6ನೇ ಪಿನ್ ಮತ್ತು 14ನೇ ಪಿನ್ ನಡುವೆ ಓಮ್ಸ್ ಅಳೆಯಿರಿ. ಸುಮಾರು 60 ಬರಬೇಕು. ಲೈನಿನ ಎರಡು ತುದಿಗಳಲ್ಲಿ 120 ಓಮ್ಸ್‌ನ ಎರಡು ರೆಸಿಸ್ಟರ್ ಇರುತ್ತವೆ, ಎರಡೂ ಸೇರಿ 60. ನಿಮಗೆ 120 ಬಂತು ಅಂದರೆ ಒಂದು ತುದಿ ಕಡಿದುಹೋಗಿದೆ. ಅನೇಕ ಗಾಡಿಗಳಲ್ಲಿ ಒಂದು ತುದಿಯ ರೆಸಿಸ್ಟರ್ ಇಸಿಎಂ ಒಳಗೇ ಇರುತ್ತದೆ, ಹಾಗಾಗಿ ಇಸಿಎಂಗೆ ಹೋಗುವ ಆ ಎರಡು ವೈರುಗಳನ್ನು ಹಿಡಿದುಕೊಂಡು ಹೋಗಿ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ಅಂಟಿವೆ. ಆದರೆ ನಿಮ್ಮಲ್ಲಿ ಬೇರೆ ಯೂನಿಟ್‌ಗಳು ಮಾತಾಡುತ್ತಿರುವುದರಿಂದ ಅದರ ಸಾಧ್ಯತೆ ಕಡಿಮೆ. ಪೋರ್ಟ್ ಮತ್ತು ಇಂಜಿನ್ ಲೈನ್ ಮಧ್ಯೆ ಗೇಟ್‌ವೇ (ಸಂದೇಶ ದಾಟಿಸುವ ಮಧ್ಯವರ್ತಿ ಯೂನಿಟ್) ಇರುವ ಹೊಸ ಗಾಡಿಗಳಲ್ಲಿ ಈ ಲೆಕ್ಕ ಪೋರ್ಟಿನಲ್ಲಿ ಸಿಗುವುದಿಲ್ಲ, ಇಸಿಎಂ ಹತ್ತಿರವೇ ಅಳೆಯಬೇಕು.

ಪವರ್ ಇದೆ, ಅರ್ತ್ ಇದೆ, 5 ವೋಲ್ಟ್ ಲೈನಿನಲ್ಲಿ ಶಾರ್ಟ್ ಇಲ್ಲ, ಕ್ಯಾನ್ ವೈರ್ ಇಸಿಎಂ ಪಿನ್ನಿನವರೆಗೂ ಸರಿಯಾಗಿದೆ, ಆದರೂ ಮಾತಿಲ್ಲ. ಇಷ್ಟು ಗೊತ್ತಾದ ಮೇಲೆ ಇಸಿಎಂ ಡೆಡ್ ಅನ್ನಿ, ನಾನೂ ಒಪ್ಪುತ್ತೇನೆ.

ಪ್ರಶ್ನೆ: ಪಿ0606 ಬಂದಿದೆ, ಪ್ರೊಸೆಸರ್ ಫಾಲ್ಟ್ ಅಂತ ತೋರಿಸುತ್ತಿದೆ. ಗಾಡಿ ಚೆನ್ನಾಗೇ ಓಡುತ್ತಿದೆ.

ಉತ್ತರ: ಪಿ0601ರಿಂದ ಪಿ0606ರವರೆಗಿನ ಕೋಡ್‌ಗಳು ಇಸಿಎಂ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ದೂರುಗಳು. 0601 ಅಂದರೆ ಮೆಮೊರಿಯ ಲೆಕ್ಕ ತಾಳೆಯಾಗುತ್ತಿಲ್ಲ, 0602 ಅಂದರೆ ಪ್ರೋಗ್ರಾಮಿಂಗ್ ಸರಿಯಾಗಿ ಆಗಿಲ್ಲ, 0604 ಮತ್ತು 0605 ರ‍್ಯಾಮ್, ರಾಮ್ ಮೆಮೊರಿಯ ತೊಂದರೆ, 0606 ಪ್ರೊಸೆಸರ್. ಇವುಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ನಿಜ. ಆದರೆ ಒಂದೇ ಒಂದು ಸಲ ಬಂದ ಕೋಡ್ ನೋಡಿ ಇಸಿಎಂ ಕೀಳಬಾರದು. ಬ್ಯಾಟರಿ ಸುಸ್ತಾಗಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಪಾತಾಳಕ್ಕೆ ಹೋದರೂ ಪ್ರೊಸೆಸರ್ ತಬ್ಬಿಬ್ಬಾಗಿ ಇಂಥ ಕೋಡ್ ಬರೆದಿಡಬಹುದು. ಪಕ್ಕದಲ್ಲಿ ಪಿ0562, ಅಂದರೆ ವೋಲ್ಟೇಜ್ ಕಡಿಮೆ ಅನ್ನುವ ಕೋಡ್ ಕೂಡ ಇದೆಯಾ ನೋಡಿ.

ಕೋಡ್ ಮತ್ತು ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದಲ್ಲಿ ಇಸಿಎಂ ಹಿಡಿದಿಟ್ಟ ಲೆಕ್ಕಗಳು) ಎರಡನ್ನೂ ಬರೆದಿಟ್ಟುಕೊಳ್ಳಿ, ಫೋಟೋ ತೆಗೆದರೂ ಆಯಿತು. ಆಮೇಲೆ ಬ್ಯಾಟರಿ ನೋಡಿ. ನಿಂತಾಗ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು, ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಇದನ್ನು ಸರಿ ಮಾಡಿ ಕೋಡ್ ಅಳಿಸಿ. ನಿಮ್ಮ ಮಾಡೆಲ್‌ಗೆ ಕಂಪನಿಯವರು ಸಾಫ್ಟ್‌ವೇರ್ ಅಪ್‌ಡೇಟ್ ಬಿಟ್ಟಿದ್ದಾರಾ ಅಂತಲೂ ಕೇಳಿ. ಈ ಕೋಡ್‌ಗಳಲ್ಲಿ ಕೆಲವು ಬರೀ ಅಪ್‌ಡೇಟ್‌ನಿಂದ ಹೋಗಿರುವುದುಂಟು. ಇಷ್ಟೆಲ್ಲ ಆದ ಮೇಲೂ, ಒಳ್ಳೇ ಬ್ಯಾಟರಿ ಇರುವಾಗಲೂ, ಅದೇ ಕೋಡ್ ತಕ್ಷಣ ವಾಪಸ್ ಬಂದರೆ ಅದು ನಿಜವಾಗಿಯೂ ಒಳಗಿನ ಕಾಯಿಲೆ. ಗಾಡಿ ಓಡುತ್ತಿದೆಯಲ್ಲ ಅಂತ ಬಿಡಬೇಡಿ, ನಡುರಸ್ತೆಯಲ್ಲಿ ಥ್ರಾಟಲ್ ಕೈಕೊಟ್ಟರೆ ಕಷ್ಟ.

ಪ್ರಶ್ನೆ: ಇದು ಸ್ವಲ್ಪ ಹೊಟ್ಟೆ ಉರಿಯ ಪತ್ರ. 2ನೇ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿತ್ತು. ಪ್ಲಗ್ ಬದಲಾಯಿಸಿದರು, ಹೋಗಲಿಲ್ಲ. ಇಂಜೆಕ್ಟರ್ ಕ್ಲೀನ್ ಮಾಡಿದರು, ಹೋಗಲಿಲ್ಲ. ಕೊನೆಗೆ ಆ ಸಿಲಿಂಡರಿಗೆ ಇಸಿಎಂನಿಂದ ಸಿಗ್ನಲ್ಲೇ ಬರುತ್ತಿಲ್ಲ ಅಂತ ಕಂಡುಹಿಡಿದು ಹೊಸ ಇಸಿಎಂ ಹಾಕಿದರು. ಗಾಡಿ ಹೂವಿನ ಹಾಗೆ ಓಡಿತು. ಕೆಲವೇ ದಿನ. ಈಗ ಮತ್ತೆ ಅದೇ ಸಿಲಿಂಡರ್, ಅದೇ ಮಿಸ್ಸಿಂಗ್. ಹೊಸ ಇಸಿಎಂ ಡಿಫೆಕ್ಟ್ ಪೀಸ್ ಅಂತ ಗ್ಯಾರೇಜಿನವರು, ಪೀಸ್ ಸರಿ ಇತ್ತು ಅಂತ ಅಂಗಡಿಯವರು. ಯಾರು ಸರಿ?

ಉತ್ತರ: ಅಂಗಡಿಯವರು ಸರಿ ಇರಬೇಕು. ನಿಮ್ಮ ಮೊದಲ ಇಸಿಎಂ ತಾನಾಗಿ ಸಾಯಲಿಲ್ಲ, ಯಾವುದೋ ಅದನ್ನು ಕೊಂದಿತು. ಕೊಂದಿದ್ದು ಇನ್ನೂ ಗಾಡಿಯಲ್ಲೇ ಇದೆ. ಎರಡನೆಯದನ್ನೂ ಅದೇ ತಿಂದಿದೆ.

ಅನುಮಾನ ಕಾಯಿಲ್ ಮೇಲೆ, ಅಂದರೆ ಪ್ಲಗ್‌ನ ಕಿಡಿಗೆ ಬೇಕಾದ ದೊಡ್ಡ ವೋಲ್ಟೇಜ್ ತಯಾರಿಸುವ ಭಾಗದ ಮೇಲೆ. ಪ್ಲಗ್, ಇಂಜೆಕ್ಟರ್ ಎಲ್ಲ ನೋಡಿದವರು ಕಾಯಿಲ್ ಮುಟ್ಟಿದ ಹಾಗೆ ನಿಮ್ಮ ಪತ್ರದಲ್ಲಿ ಇಲ್ಲ. ಕೆಲವು ಗಾಡಿಗಳಲ್ಲಿ ಕಾಯಿಲ್‌ಗೆ ಹೋಗುವ ಕರೆಂಟನ್ನು ಆನ್ ಆಫ್ ಮಾಡುವ ಟ್ರಾನ್ಸಿಸ್ಟರ್ ಕಾಯಿಲ್ ಒಳಗೇ ಇರುತ್ತದೆ, ಇಸಿಎಂ ಬರೀ ಸಣ್ಣ ಸಿಗ್ನಲ್ ಕೊಡುತ್ತದೆ. ಇನ್ನು ಕೆಲವದರಲ್ಲಿ ಆ ಟ್ರಾನ್ಸಿಸ್ಟರ್ ಇಸಿಎಂ ಒಳಗೆ ಇರುತ್ತದೆ, ಅಂದರೆ ಕಾಯಿಲ್‌ನ ಪೂರ್ತಿ ಕರೆಂಟ್ ಇಸಿಎಂ ಮೂಲಕವೇ ಅರ್ತ್‌ಗೆ ಹೋಗಬೇಕು. ನಿಮ್ಮದು ಈ ಎರಡನೇ ಥರ ಇರಬೇಕು. ಕಾಯಿಲ್‌ನ ಒಳಗಿನ ಸುತ್ತುಗಳು ಬಿಸಿಯಾದಾಗ ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಕರೆಂಟ್ ಜಾಸ್ತಿ ಹರಿಯುತ್ತದೆ. ಟ್ರಾನ್ಸಿಸ್ಟರ್ ಎಷ್ಟು ದಿನ ತಡೆಯುತ್ತದೆ? ಬಿಸಿಯಾಗಿ ಬಿಸಿಯಾಗಿ ಒಂದು ದಿನ ಸುಟ್ಟುಹೋಗುತ್ತದೆ. ಆ ಹಳೇ ಇಸಿಎಂ ಇನ್ನೂ ಇದ್ದರೆ ಮುಚ್ಚಳ ತೆಗೆಸಿ ನೋಡಿ. ಸಾಲಾಗಿ ಕೂತಿರುವ ಒಂದೇ ಥರದ ನಾಲ್ಕು ಕರಿ ಚೌಕಗಳಲ್ಲಿ ಒಂದರ ಮೇಲೆ ಗುಳ್ಳೆಯೋ ಸಣ್ಣ ಕುಳಿಯೋ ಎದ್ದಿರಬಹುದು, ಸುತ್ತಲಿನ ಹಸಿರು ಬೋರ್ಡ್ ಕಂದಾಗಿರಬಹುದು, ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆಯೂ ಬರಬಹುದು. ಎಲ್ಲ ಸಲ ಕಣ್ಣಿಗೆ ಕಾಣುವುದಿಲ್ಲ, ಕಂಡರೆ ಮಾತ್ರ ವಾದಕ್ಕೆ ಜಾಗವೇ ಇಲ್ಲ.

ಕಾಯಿಲ್‌ನ ಪ್ರೈಮರಿ ಸುತ್ತಿನ (12 ವೋಲ್ಟ್ ಹರಿಯುವ ಸುತ್ತು) ಓಮ್ಸ್ ಮೀಟರಿನಲ್ಲಿ ಅಳೆದು ಪಕ್ಕದ ಮೂರು ಕಾಯಿಲ್‌ಗಳ ಜೊತೆ ಹೋಲಿಸಿ. ತಣ್ಣಗಿದ್ದಾಗ ಸರಿ ತೋರಿಸಿದರೂ ನಂಬಬೇಡಿ, ಇಂಜಿನ್ ಬಿಸಿಯಾದಾಗ ಇನ್ನೊಮ್ಮೆ ಅಳೆಯಿರಿ. ಸುಮ್ನೆ ಆ ಕಾಯಿಲ್ ಬದಲಾಯಿಸಿಬಿಡುವುದೂ ತಪ್ಪಲ್ಲ, ಎರಡು ಇಸಿಎಂ ತಿಂದ ಗಾಡಿಯಲ್ಲಿ ಹಳೇ ಕಾಯಿಲ್ ಉಳಿಸಿಕೊಂಡು ಏನು ಸಾಧಿಸಬೇಕು? ಕಾಯಿಲ್‌ನಿಂದ ಇಸಿಎಂವರೆಗಿನ ವೈರ್ ಕೂಡ ನೋಡಿ. ಅದು ಎಲ್ಲಾದರೂ ನೇರ 12 ವೋಲ್ಟ್ ಲೈನಿಗೆ ತಾಗಿದರೂ ಇದೇ ಕಥೆ.

ಇದು ಕಾಯಿಲ್‌ಗೆ ಮಾತ್ರ ಅಲ್ಲ. ಐಡಲ್ ವಾಲ್ವ್, ಆಕ್ಸಿಜನ್ ಸೆನ್ಸರಿನ ಹೀಟರ್, ಇಂಜೆಕ್ಟರ್, ಇಸಿಎಂ ತಾನೇ ಓಡಿಸುವ ಯಾವುದೇ ಸೊಲೆನಾಯ್ಡ್ ಶಾರ್ಟ್ ಆದರೂ ಅದಕ್ಕೆ ಸಂಬಂಧಿಸಿದ ಡ್ರೈವರ್ (ಇಸಿಎಂ ಒಳಗಿನ ಅಂಥದ್ದೇ ಟ್ರಾನ್ಸಿಸ್ಟರ್) ಹೋಗುತ್ತದೆ. ಇಸಿಎಂನ ಒಂದೇ ಒಂದು ಔಟ್‌ಪುಟ್ ಸತ್ತು ಉಳಿದದ್ದೆಲ್ಲ ಸರಿ ಇದ್ದರೆ, ಆ ವೈರಿನ ಇನ್ನೊಂದು ತುದಿಯಲ್ಲಿ ಏನಿದೆ ಅಂತ ಮೊದಲು ನೋಡಬೇಕು. ನಿಮ್ಮ ಗ್ಯಾರೇಜಿನವರು ಇಸಿಎಂವರೆಗೂ ಸರಿಯಾಗಿಯೇ ಬಂದರು, ಇನ್ನೊಂದು ಹೆಜ್ಜೆ ಹಾಕಲಿಲ್ಲ.

ಪ್ರಶ್ನೆ: ಹಳೇ ಗಾಡಿಯಿಂದ ಬಿಚ್ಚಿದ ಇಸಿಎಂ ಸಿಕ್ಕಿತು. ನನ್ನದೇ ಮಾಡೆಲ್, ಕಪ್ಲರ್ ಕೂಡ ಸರಿಯಾಗಿ ಕೂತಿತು. ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆಫ್ ಆಗುತ್ತದೆ. ಮೀಟರ್ ಬೋರ್ಡಿನಲ್ಲಿ ಕೀ ಗುರುತಿನ ಲೈಟ್ ಮಿನುಗುತ್ತದೆ. ಇಸಿಎಂ ಹಾಳಾದದ್ದಾ?

ಉತ್ತರ: ಇಸಿಎಂ ಸರಿ ಇದೆ, ಅದಕ್ಕೆ ನಿಮ್ಮ ಕೀ ಪರಿಚಯ ಇಲ್ಲ. ಇಮೊಬಿಲೈಸರ್ ಇರುವ ಗಾಡಿಯಲ್ಲಿ ಕೀ ತಲೆಯೊಳಗೆ ಸಣ್ಣ ಚಿಪ್ ಇರುತ್ತದೆ. ಅದರ ಗುರುತು ಇಸಿಎಂನ ಮೆಮೊರಿಯಲ್ಲಿ ಇರುವುದಕ್ಕೆ ತಾಳೆಯಾಗದಿದ್ದರೆ ಇಂಧನ ನಿಲ್ಲಿಸಿಬಿಡುತ್ತದೆ. ನೀವು ತಂದದ್ದು ಇನ್ನೂ ತನ್ನ ಹಳೇ ಯಜಮಾನನ ಕೀ ಹುಡುಕುತ್ತಿದೆ.

ದಾರಿ ಮೂರಿವೆ. ಒಂದು, ನಿಮ್ಮ ಮೂಲ ಇಸಿಎಂನಲ್ಲಿರುವ ಡೇಟಾವನ್ನು ಪೂರ್ತಿ ಓದಿ ಇದಕ್ಕೆ ಬರೆಯುವುದು, ಕ್ಲೋನಿಂಗ್ ಅಂತಾರೆ. ಮೂಲದ ಮೆಮೊರಿ ಚಿಪ್ ಜೀವಂತ ಇದ್ದರೆ ಇದು ಬಹಳ ಸಲೀಸು. ಗಾಡಿಗೆ ಇಸಿಎಂ ಬದಲಾದದ್ದೇ ಗೊತ್ತಾಗುವುದಿಲ್ಲ. ಡ್ರೈವರ್ ಸುಟ್ಟ ಇಸಿಎಂಗಳಲ್ಲಿ ಮೆಮೊರಿ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಎರಡು, ಸರಿಯಾದ ಉಪಕರಣ ಇರುವವರ ಹತ್ತಿರ ಗಾಡಿಯ ವಿನ್ ನಂಬರ್ (ಪ್ರತಿ ಗಾಡಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಬರೆಸಿ, ಕೀ ಹೊಸದಾಗಿ ಜೋಡಿಸಿಕೊಳ್ಳುವುದು. ಕೆಲವು ಕಂಪನಿಗಳ ಇಸಿಎಂ ಒಂದು ಸಲ ಒಂದು ಗಾಡಿಗೆ ಬೆಸೆದುಕೊಂಡರೆ ಮತ್ತೆ ಬಿಡಿಸಲು ಬರುವುದಿಲ್ಲ, ಅಂಥದ್ದಾದರೆ ಈ ದಾರಿ ಮುಚ್ಚಿದೆ. ಮೂರನೆಯದು, ಆ ಹಳೇ ಗಾಡಿಯ ಕೀ ಮತ್ತು ಇಮೊಬಿಲೈಸರ್ ಯೂನಿಟ್ ಕೂಡ ಸೆಟ್ ಆಗಿ ತಂದು ಹಾಕುವುದು. ಇಮೊಬಿಲೈಸರನ್ನೇ ಆಫ್ ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರೆ. ನಾನು ಹೇಳುವುದಿಲ್ಲ, ಗಾಡಿ ಕದ್ದು ಹೋಗುವುದು ಅಷ್ಟು ಸುಲಭವಾಗುತ್ತದೆ.

'ನನ್ನದೇ ಮಾಡೆಲ್' ಅಂದಿರಿ, ಅದು ಸಾಕಾಗುವುದಿಲ್ಲ. ಇಸಿಎಂ ಮೇಲಿನ ಸ್ಟಿಕ್ಕರ್ ನೋಡಿ, ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡೂ ಇರುತ್ತವೆ. ಹಾರ್ಡ್‌ವೇರ್ ನಂಬರ್ ಹೊಂದಲೇಬೇಕು. ಒಂದೇ ಮಾಡೆಲ್, ಒಂದೇ ವರ್ಷ, ಆದರೆ ಒಂದು ಮ್ಯಾನುಯಲ್ ಗೇರ್ ಇನ್ನೊಂದು ಆಟೋಮ್ಯಾಟಿಕ್ ಆಗಿದ್ದರೆ ಒಳಗಿನ ಪ್ರೋಗ್ರಾಂ ಬೇರೆ. ಕಪ್ಲರ್ ಕೂತಿತು ಅನ್ನುವುದು ಯಾವ ಲೆಕ್ಕಕ್ಕೂ ಇಲ್ಲ.

ಪ್ರೋಗ್ರಾಮಿಂಗ್ ಮಾಡಿಸುವಾಗ ನೀವೇ ಎದುರು ನಿಂತು ಒಂದು ವಿಷಯ ನೋಡಿಕೊಳ್ಳಿ. ಬ್ಯಾಟರಿಗೆ ವೋಲ್ಟೇಜ್ ಸ್ಥಿರವಾಗಿ ಹಿಡಿದಿಡುವ ಸಪೋರ್ಟ್ ಯೂನಿಟ್ ಹಾಕಿದ್ದಾರಾ? ಮಾಮೂಲಿ ಚಾರ್ಜರ್ ಅಲ್ಲ, ಅದರ ಕರೆಂಟಿನಲ್ಲಿ ಏರಿಳಿತ ಇರುತ್ತದೆ. ಹೆಡ್‌ಲೈಟ್, ಎಸಿ ಬ್ಲೋವರ್ ಎಲ್ಲ ಆಫ್ ಇರಲಿ, ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿರಲಿ. ಬರೆಯುವುದು ಅರ್ಧಕ್ಕೆ ನಿಂತರೆ ಚೆನ್ನಾಗಿದ್ದ ಇಸಿಎಂ ಕೂಡ ಕಲ್ಲಾಗಿ ಕೂರಬಹುದು.

ಪ್ರಶ್ನೆ: ಡೀಸೆಲ್ ಗಾಡಿಗೆ ಇಸಿಎಂ ಬದಲಾಯಿಸಿದ ಮೇಲೆ ಟಕಟಕ ಸದ್ದು, ಹೊಗೆ. ಮೊದಲು ಇರಲಿಲ್ಲ.

ಉತ್ತರ: ಇಂಜೆಕ್ಟರ್ ಕೋಡ್ ಹಾಕಿಲ್ಲ ಅನ್ನಿಸುತ್ತದೆ. ಕಾಮನ್ ರೇಲ್ ಡೀಸೆಲ್‌ನಲ್ಲಿ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಹೈ ಪ್ರೆಶರ್ ಕೊಳವೆಯಿಂದ ಇಂಧನ ಬರುವ ಇಂಜಿನ್) ಎರಡು ಇಂಜೆಕ್ಟರ್ ಒಂದೇ ಥರ ಇರುವುದಿಲ್ಲ, ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸವನ್ನು ಕಾರ್ಖಾನೆಯಲ್ಲೇ ಅಳೆದು ಅಕ್ಷರ ಅಂಕಿಗಳ ಕೋಡ್ ಆಗಿ ಇಂಜೆಕ್ಟರ್ ತಲೆಯ ಮೇಲೆ ಕೆತ್ತಿರುತ್ತಾರೆ. ಹೊಸ ಇಸಿಎಂಗೆ ಪ್ರತಿ ಸಿಲಿಂಡರಿನ ಕೋಡ್ ಸ್ಕ್ಯಾನರಿನಿಂದ ಹಾಕಬೇಕು. ಹಳೆಯದು ಮಾತಾಡುತ್ತಿದ್ದರೆ ಅದರಿಂದಲೇ ಓದಿಕೊಳ್ಳಬಹುದಿತ್ತು. ಈಗ ಇಂಜೆಕ್ಟರ್ ತಲೆ ಒರೆಸಿ, ಒಂದಕ್ಷರ ತಪ್ಪಿಲ್ಲದೆ ಬರೆದುಕೊಂಡು ಹಾಕಿಸಿ, ಸಿಲಿಂಡರ್ ಕ್ರಮವೂ ತಪ್ಪಬಾರದು.

ಪ್ರಶ್ನೆ: ಬಿಸಿಯಾದಾಗ ಮಾತ್ರ ಇಂಜಿನ್ ಆಫ್ ಆಗುತ್ತದೆ, ತಣ್ಣಗಾದರೆ ಸ್ಟಾರ್ಟ್. ಇಸಿಎಂ ಒಳಗೆ ಸೋಲ್ಡರ್ ಬಿಟ್ಟಿರುತ್ತದೆ ಅಂತ ಸ್ನೇಹಿತರು ಹೇಳಿದರು.

ಉತ್ತರ: ಇರಬಹುದು. ಆದರೆ ನಿಮ್ಮ ಲಕ್ಷಣಕ್ಕೆ ಇಸಿಎಂಗಿಂತ ಕ್ರ್ಯಾಂಕ್ ಸೆನ್ಸರೇ (ಇಂಜಿನ್ ತಿರುಗುತ್ತಿರುವುದನ್ನು ಇಸಿಎಂಗೆ ಹೇಳುವುದು) ಜಾಸ್ತಿ ಹೊಂದುತ್ತದೆ. ಆಫ್ ಆದಾಗ ತಣ್ಣಗಾಗಲು ಬಿಡದೆ, ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಿ. ಇಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ಅಂತ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರ್. ಪಿ0335, ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನ ಕೋಡ್, ಇದ್ದರೆ ಇನ್ನೂ ಗಟ್ಟಿಯಾಯಿತು, ಇಲ್ಲದಿದ್ದರೂ ಸೆನ್ಸರ್ ನಿರಪರಾಧಿ ಅಂತಲ್ಲ. ಆರ್‌ಪಿಎಂ ಸರಿಯಾಗಿ ಬರುತ್ತಿದ್ದರೆ ಇಸಿಎಂ ಕಡೆ ಬನ್ನಿ. ಇಂಜಿನ್ ಓಡುತ್ತಿರುವಾಗ ಅದನ್ನು ಬೆರಳಿನಿಂದ ಮೆತ್ತಗೆ ತಟ್ಟಿ, ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಡಿ, ಕಪ್ಲರ್ ಹಿಂದಿನ ವೈರ್ ಗುಚ್ಛವನ್ನು ಅಲುಗಾಡಿಸಿ. ತಟ್ಟಿದಾಗ ಆಫ್ ಆಗುವುದಕ್ಕೂ ವೈರ್ ಅಲ್ಲಾಡಿಸಿದಾಗ ಆಫ್ ಆಗುವುದಕ್ಕೂ ಅರ್ಥ ಬೇರೆ ಬೇರೆ (ಮೊದಲನೆಯದು ಇಸಿಎಂ ಒಳಗಿನದು, ಎರಡನೆಯದು ವೈರಿಂಗ್), ಎರಡನ್ನೂ ಒಟ್ಟಿಗೆ ಮಾಡಬೇಡಿ. 1980-90ರ ದಶಕದ ಗಾಡಿಯಾದರೆ ಒಳಗಿನ ಕೆಪಾಸಿಟರ್‌ಗಳು ಸೋರಿ ಬೋರ್ಡ್ ತಿಂದಿರುವುದೂ ಸಾಮಾನ್ಯ.

ಪ್ರಶ್ನೆ: ಇಸಿಎಂ ಕಪ್ಲರ್ ಬಿಚ್ಚಿದರೆ ಒಳಗೆ ಎಣ್ಣೆ! ಇಂಜಿನ್ನಿಗೂ ಇಸಿಎಂಗೂ ಎಷ್ಟು ದೂರ ಇದೆ ಸರ್, ಎಣ್ಣೆ ಎಲ್ಲಿಂದ ಬಂತು?

ಉತ್ತರ: ವೈರಿನ ಒಳಗಿನಿಂದ. ಆಯಿಲ್ ಪ್ರೆಶರ್ ಸ್ವಿಚ್ಚೋ ಕ್ಯಾಮ್ ಸೆನ್ಸರೋ ಒಳಗಡೆ ಸೋರಲು ಶುರುವಾದರೆ ಎಣ್ಣೆ ತಾಮ್ರದ ಎಳೆಗಳ ಸಂದಿಯಲ್ಲಿ, ಇನ್ಸುಲೇಷನ್ ಒಳಗೇ, ನಿಧಾನವಾಗಿ ತೆವಳಿಕೊಂಡು ಇಸಿಎಂವರೆಗೂ ಬರುತ್ತದೆ. ಹೊರಗಿನಿಂದ ವೈರ್ ಒಣಗಿದ ಹಾಗೇ ಕಾಣುತ್ತದೆ. ನೀರೂ ಹೀಗೇ ಬರುತ್ತದೆ, ಆಗ ಪಿನ್ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಕೀ ಆನ್ ಮಾಡಬೇಡಿ, ಬ್ಯಾಟರಿ ಬಿಚ್ಚಿ. ಎಲ್ಲ ಪಿನ್‌ಗಳನ್ನು ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಪ್ರತಿ ಸೆನ್ಸರ್ ಕಪ್ಲರ್ ಬಿಚ್ಚುತ್ತಾ ಹೋಗಿ, ಎಣ್ಣೆ ಜಿನುಗುತ್ತಿರುವುದನ್ನು ಬದಲಾಯಿಸಿ. ವೈರಿನೊಳಗೆ ಉಳಿದಿರುವ ಎಣ್ಣೆ ಇನ್ನೂ ಸ್ವಲ್ಪ ದಿನ ಬರುತ್ತಲೇ ಇರುತ್ತದೆ, ಆಗಾಗ ಬಿಚ್ಚಿ ಒರೆಸಬೇಕು.

ಪ್ರಶ್ನೆ: ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ ಆಲ್ಟರ್ನೇಟರ್ ಪರೀಕ್ಷೆ ಮಾಡಬಹುದಾ? ಹಿಂದಿನಿಂದಲೂ ಎಲ್ಲರೂ ಮಾಡುತ್ತಾರೆ.

ಉತ್ತರ: ಇಸಿಎಂ ಇಲ್ಲದ ಕಾರ್ಬ್ಯುರೇಟರ್ ಕಾಲದಲ್ಲಿ ನಡೆಯಿತು. ಈಗ ಬೇಡವೇ ಬೇಡ. ಬ್ಯಾಟರಿ ತಟ್ಟನೆ ಬಿಟ್ಟರೆ ಆಲ್ಟರ್ನೇಟರ್ ವೋಲ್ಟೇಜ್ ಒಂದು ಕ್ಷಣಕ್ಕೆ ಹತ್ತಾರು ವೋಲ್ಟ್ ಮೇಲೆ ಜಿಗಿಯುತ್ತದೆ, ಇಸಿಎಂ ಸುಟ್ಟುಹೋಗಬಹುದು. ಮೀಟರ್ ಇಟ್ಟು ನೋಡಿದರೆ ಸಾಕು. ಹಾಗೇ, ಗಾಡಿಯ ಬಾಡಿ ಮೇಲೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯನ್ನೂ ಇಸಿಎಂ ಕಪ್ಲರನ್ನೂ ಬಿಚ್ಚಿಸಿ. ಜಂಪ್ ಸ್ಟಾರ್ಟ್ ಮಾಡುವಾಗ ಕೇಬಲ್ ಉಲ್ಟಾ ಹಾಕಿ ಇಸಿಎಂ ಸುಟ್ಟುಕೊಂಡವರ ಪತ್ರಗಳೂ ಈ ರಾಶಿಯಲ್ಲಿವೆ, ಅವಕ್ಕೆ ಬೇರೆ ಉತ್ತರ ಬೇಕಿಲ್ಲ.

ಪ್ರಶ್ನೆ: ಹೊಸ ಇಸಿಎಂ, ಪ್ರೋಗ್ರಾಮಿಂಗ್ ಎಲ್ಲ ಆಯಿತು. ಈಗ ಐಡಲ್ ಮೇಲೆ ಕೆಳಗೆ ಆಡುತ್ತದೆ, ಎಮಿಷನ್ ಟೆಸ್ಟ್‌ಗೆ ಹೋದರೆ 'ನಾಟ್ ರೆಡಿ' ಅಂದರು.

ಉತ್ತರ: ಹೊಸ ಇಸಿಎಂಗೆ ನಿಮ್ಮ ಥ್ರಾಟಲ್ ಎಲ್ಲಿ ಮುಚ್ಚುತ್ತದೆ, ಎಲ್ಲಿ ತೆರೆಯುತ್ತದೆ ಅನ್ನುವುದು ಗೊತ್ತಿಲ್ಲ. ಥ್ರಾಟಲ್ ಬಾಡಿ ಮಸಿ ಕ್ಲೀನ್ ಮಾಡಿಸಿ ಸ್ಕ್ಯಾನರಿನಲ್ಲಿ ಥ್ರಾಟಲ್ ಮತ್ತು ಐಡಲ್ ರೀಲರ್ನ್ (ಇಸಿಎಂಗೆ ಹೊಸದಾಗಿ ಕಲಿಸುವುದು) ಮಾಡಿಸಿ. ಕೆಲವು ಗಾಡಿಗಳಿಗೆ ಕ್ರ್ಯಾಂಕ್ ಸೆನ್ಸರ್ ರೀಲರ್ನ್ ಕೂಡ ಬೇಕು, ಇಲ್ಲದಿದ್ದರೆ ಇಲ್ಲದ ಮಿಸ್ಸಿಂಗ್ ಇದೆ ಅನ್ನುತ್ತದೆ. 'ನಾಟ್ ರೆಡಿ' ತೊಂದರೆಯಲ್ಲ. ಇಸಿಎಂ ತಾನೇ ನಡೆಸುವ ಪರೀಕ್ಷೆಗಳು (ಮಾನಿಟರ್ ಅಂತಾರೆ) ಇನ್ನೂ ಮುಗಿದಿಲ್ಲ ಅಷ್ಟೇ. ಊರೊಳಗೂ ಹೆದ್ದಾರಿಯಲ್ಲೂ ಕೆಲವು ದಿನ ಓಡಿಸಿ, ತಣ್ಣಗಿನ ಇಂಜಿನ್ನಿನಿಂದ ಶುರು ಮಾಡಿ. ಮಧ್ಯೆ ಬ್ಯಾಟರಿ ಬಿಚ್ಚಿದರೆ ಮತ್ತೆ ಮೊದಲಿನಿಂದ.

ಪ್ರಶ್ನೆ: ರಿಪೇರಿ ಮಾಡಿಸುವುದಾ, ಹೊಸದು ಹಾಕಿಸುವುದಾ? ಹೊಸದು ಕೊಡುವವರು ಹಳೆಯದನ್ನು ಎಕ್ಸ್‌ಚೇಂಜ್ ಆಗಿ ಕೇಳುತ್ತಿದ್ದಾರೆ, ಕೊಡಬಹುದಾ?

ಉತ್ತರ: ಒಂದು ಡ್ರೈವರ್, ಒಂದು ಕೆಪಾಸಿಟರ್, ಬಿಟ್ಟ ಸೋಲ್ಡರ್ ಇಷ್ಟೇ ಆದರೆ ರಿಪೇರಿ ಮಾಡಿಸಿ. ಅದರಲ್ಲಿ ದೊಡ್ಡ ಲಾಭ, ಕೀ, ವಿನ್, ಇಂಜೆಕ್ಟರ್ ಕೋಡ್ ಎಲ್ಲ ಅದರಲ್ಲೇ ಇರುತ್ತದೆ, ಪ್ರೋಗ್ರಾಮಿಂಗ್ ಗೊಡವೆಯೇ ಇಲ್ಲ. ಬೆಂಚ್ ಮೇಲೆ ಟೆಸ್ಟ್ ಮಾಡಿ ತೋರಿಸುವವರ ಹತ್ತಿರ ಕೊಡಿ, ಏನು ಬದಲಾಯಿಸಿದರು ಅಂತ ಬರೆಸಿಕೊಳ್ಳಿ. ಪ್ರೊಸೆಸರೋ ಮೆಮೊರಿಯೋ ಹೋಗಿದ್ದರೆ, ನೀರು ನಿಂತು ಬೋರ್ಡಿನ ದಾರಿಗಳೇ ಕರಗಿದ್ದರೆ, ಹೊಸದೇ ಸರಿ.

ಹಳೆಯದನ್ನು ಕೊಡಬಹುದು, ಆದರೆ ಅವಸರ ಬೇಡ. ಹೊಸದು ಹಾಕಿ, ಎರಡೂ ಕೀಗಳಿಂದ ಸ್ಟಾರ್ಟ್ ಆಗಿ, ಬಿಸಿ ಇಂಜಿನ್, ತಣ್ಣಗಿನ ಇಂಜಿನ್ ಎರಡರಲ್ಲೂ ಓಡಿ, ಯಾವ ಕೋಡೂ ವಾಪಸ್ ಬಂದಿಲ್ಲ ಅಂತ ಖಾತ್ರಿಯಾಗುವವರೆಗೂ ಹಳೆಯದು ನಿಮ್ಮ ಹತ್ತಿರವೇ ಇರಲಿ. ಕ್ಲೋನಿಂಗ್ ಮತ್ತೊಮ್ಮೆ ಮಾಡಬೇಕಾಗಿ ಬಂದರೆ ಡೇಟಾ ಇರುವುದು ಅದರಲ್ಲಿ ಮಾತ್ರ. ಎಕ್ಸ್‌ಚೇಂಜ್‌ಗೆ ಎಷ್ಟು ದಿನ ಸಮಯ ಕೊಡುತ್ತಾರೆ ಅಂತ ಮೊದಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.